ಪಿರೇಯಸ್ಸಿನ ಆ ಮನೆಯಲ್ಲಿ ನಡೆದ ನ್ಯಾಯದ ಮಾತು

ಕಳೆದ ತಿಂಗಳು ನಮ್ಮ ಓದುಗರ ಕೂಟದಲ್ಲಿ ಮಾತಾಡಿದ್ದೆ. ಬರೆದು ಹಾಕಿ ಅಂತ ಹಲವರು ಕೇಳಿದರು. ಆಡಿದ ಮಾತನ್ನು ಆದಷ್ಟೂ ಹಾಗೇ ಉಳಿಸಿಕೊಂಡು ಬರೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳೂ ಇವೆ.

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ಗ್ರೀಸಿನ ತತ್ವಜ್ಞಾನಿ ಪ್ಲೇಟೋನ ‘ರಿಪಬ್ಲಿಕ್’ ಬಗ್ಗೆ. ಕ್ರಿ.ಪೂ. 375ರ ಸುಮಾರಿಗೆ ಬರೆದ, ಹತ್ತು ಭಾಗಗಳ ದೊಡ್ಡ ಪುಸ್ತಕ. ಕಾಲೇಜಿನಲ್ಲಿ ಇದರ ಬಗ್ಗೆ ಓದಿದವರಿಗೆ ನೆನಪಿರುವುದು ಹೆಚ್ಚಾಗಿ ಮೂರು ವಿಷಯ. ತತ್ವಜ್ಞಾನಿಯೇ ರಾಜನಾಗಬೇಕು ಅಂದ, ಕವಿಗಳನ್ನು ಊರಾಚೆ ಕಳಿಸಿದ, ಗುಹೆಯೊಳಗೆ ನೆರಳನ್ನೇ ನಿಜ ಅಂದುಕೊಂಡು ಕೂತವರ ಕಥೆ ಹೇಳಿದ. ಪರೀಕ್ಷೆಗೆ ಇಷ್ಟು ಸಾಕಾಗುತ್ತದೆ. ಆದರೆ ಈ ಮೂರೂ ಪುಸ್ತಕದ ನಡುವಿನಲ್ಲೋ ಕೊನೆಯಲ್ಲೋ ಬರುವಂಥವು. ನಾನು ಮೊದಲ ಪುಟದಿಂದ ಶುರು ಮಾಡುತ್ತೇನೆ. ಅಲ್ಲೊಂದು ಮನೆ ಇದೆ. ಆ ಮನೆಯನ್ನು ಮರೆತು ಈ ಪುಸ್ತಕ ಓದಿದರೆ ಅರ್ಧ ಕೈತಪ್ಪಿ ಹೋಗುತ್ತದೆ ಅನ್ನುವುದು ನನ್ನ ನಂಬಿಕೆ.

ಪುಸ್ತಕದ ಮೊದಲ ಮಾತನ್ನು ಪ್ಲೇಟೋನ ಗುರು ಸಾಕ್ರಟೀಸ್ ಆಡುತ್ತಾನೆ. ನಿನ್ನೆ ನಾನು ಪಿರೇಯಸ್ಸಿಗೆ ಇಳಿದು ಹೋಗಿದ್ದೆ, ಜೊತೆಗೆ ಗ್ಲೌಕಾನ್ ಇದ್ದ ಅಂತ. ಪಿರೇಯಸ್ ಅಂದರೆ ಅಥೆನ್ಸಿನ ಬಂದರು. ಬಂದರು ಅಂದಮೇಲೆ ಹಡಗು, ವ್ಯಾಪಾರ, ಬೇರೆ ಬೇರೆ ಊರಿನ ಜನ, ಅವರು ಜೊತೆಗೆ ತಂದ ದೇವರು. ಆ ದಿನ ಅಲ್ಲಿ ಬೆಂಡಿಸ್ ಎಂಬ ದೇವತೆಯ ಜಾತ್ರೆ. ಥ್ರೇಸ್ ಕಡೆಯಿಂದ ಬಂದ ದೇವತೆ ಅವಳು. ಜಾತ್ರೆ ನೋಡಿಕೊಂಡು ಇಬ್ಬರೂ ಊರ ಕಡೆ ಹೊರಟಿರುತ್ತಾರೆ. ಹಿಂದಿನಿಂದ ಒಬ್ಬ ಗುಲಾಮ ಹುಡುಗ ಓಡಿ ಬಂದು ಸಾಕ್ರಟೀಸನ ಮೇಲುಹೊದಿಕೆ ಹಿಡಿದು ಎಳೆಯುತ್ತಾನೆ. ‘ಪೊಲೆಮಾರ್ಕಸ್ ನಿಲ್ಲೋಕೆ ಹೇಳಿದ್ದಾರೆ’ ಅನ್ನುತ್ತಾನೆ. ಆ ಹುಡುಗನ ಹೆಸರು ಪುಸ್ತಕದಲ್ಲಿಲ್ಲ.

ಪೊಲೆಮಾರ್ಕಸ್ ಗೆಳೆಯರ ಜೊತೆ ಬರುತ್ತಾನೆ. ನಗುತ್ತಲೇ ಕೇಳುತ್ತಾನೆ: ನಾವು ಎಷ್ಟು ಜನ ಇದ್ದೀವಿ ನೋಡಿದಿರಾ? ನಮ್ಮನ್ನು ಗೆದ್ದು ಹೋಗಿ, ಇಲ್ಲ ಇಲ್ಲೇ ಉಳಿಯಿರಿ. ಸಾಕ್ರಟೀಸ್ ಕೇಳುತ್ತಾನೆ, ಇನ್ನೊಂದು ದಾರಿ ಇದೆಯಲ್ಲ, ಮಾತಾಡಿ ನಿಮ್ಮನ್ನು ಒಪ್ಪಿಸಿದರೆ? ಪೊಲೆಮಾರ್ಕಸ್ ಹೇಳುತ್ತಾನೆ, ನಾವು ಕೇಳಿಸಿಕೊಳ್ಳದೇ ಇದ್ದರೆ ಹೇಗೆ ಒಪ್ಪಿಸುತ್ತೀರಿ? ಗೆಳೆಯರ ನಡುವಿನ ತಮಾಷೆ ಇದು. ಆದರೆ ಮುಂದಿನ ಹತ್ತು ಭಾಗಗಳ ಪ್ರಶ್ನೆಯೂ ಇದೇ ಅಲ್ವಾ? ಬಲ ಇರುವವನು ಕಿವಿ ಮುಚ್ಚಿಕೊಂಡರೆ ಮಾತಿಗೆ ಏನು ಬೆಲೆ?

ಎಲ್ಲರೂ ಪೊಲೆಮಾರ್ಕಸ್ ಮನೆಗೆ ಹೋಗುತ್ತಾರೆ. ರಾತ್ರಿ ಕುದುರೆ ಮೇಲೆ ಕೂತು ಪಂಜು ಹಿಡಿದು ಓಡಿಸುವ ಪಂದ್ಯ ಇದೆ, ಅದನ್ನು ನೋಡಲು ಹೋಗೋಣ ಅಂತ ಮಾತಾಗಿರುತ್ತದೆ. ಆದರೆ ಮಾತಿಗೆ ಕೂತವರು ಆ ಪಂದ್ಯದ ಸುದ್ದಿಯನ್ನೇ ಮತ್ತೆ ಎತ್ತುವುದಿಲ್ಲ.

ಈಗ ಆ ಮನೆಯ ವಿಷಯ. ಮನೆಯ ಹಿರಿಯ, ಪೊಲೆಮಾರ್ಕಸ್‌ನ ತಂದೆ ಕೆಫಲಸ್. ಸಿಸಿಲಿಯ ಸಿರಾಕ್ಯೂಸಿನವನು, ಅಥೆನ್ಸಿನ ನಾಯಕ ಪೆರಿಕ್ಲಿಸ್ ಕರೆದನೆಂದು ಅಥೆನ್ಸಿಗೆ ಬಂದು ನೆಲೆಸಿದವನು. ಮೂವತ್ತು ವರ್ಷ ಅಲ್ಲೇ ಬದುಕಿದ. ಮಕ್ಕಳ ಕಾಲಕ್ಕೆ ಆ ಮನೆತನದ್ದು ಗುರಾಣಿ ಮಾಡುವ ದೊಡ್ಡ ಕಾರ್ಖಾನೆ. ದುಡ್ಡಿತ್ತು, ಮರ್ಯಾದೆ ಇತ್ತು, ಮತ ಹಾಕುವ ಹಕ್ಕು ಇರಲಿಲ್ಲ. ಹೊರಗಿನಿಂದ ಬಂದು ನೆಲೆಸಿದವರಿಗೆ ಅಥೆನ್ಸಿನಲ್ಲಿ ‘ಮೆಟಿಕ್’ ಅನ್ನುತ್ತಿದ್ದರು. ತೆರಿಗೆ ಕಟ್ಟಬೇಕು, ಯುದ್ಧ ಬಂದರೆ ಹೋಗಬೇಕು, ಸಭೆಯಲ್ಲಿ ಕೈ ಎತ್ತುವ ಹಾಗಿಲ್ಲ.

ಕ್ರಿ.ಪೂ. 431ರಿಂದ 404ರವರೆಗೆ ನಡೆದ ಯುದ್ಧದಲ್ಲಿ ಅಥೆನ್ಸ್ ಸ್ಪಾರ್ಟಾಕ್ಕೆ ಸೋತಿತು. ಸೋತ ಊರಿನ ಮೇಲೆ ಸ್ಪಾರ್ಟಾದ ಬೆಂಬಲದಿಂದ ಮೂವತ್ತು ಜನ ಆಳಲು ಕೂತರು. ಒಂದು ವರ್ಷವೂ ಆಳಲಿಲ್ಲ, ಅಷ್ಟರಲ್ಲೇ ಸುಮಾರು 1500 ಜನರನ್ನು ಕೊಂದರು. ಅವರಿಗೆ ದುಡ್ಡು ಬೇಕಿತ್ತು, ದುಡ್ಡಿದ್ದ ಮೆಟಿಕ್‌ಗಳ ಮೇಲೆ ಕಣ್ಣು ಬಿತ್ತು. ಪೊಲೆಮಾರ್ಕಸ್‌ನನ್ನು ಬೀದಿಯಲ್ಲೇ ಹಿಡಿದು ಸೆರೆಮನೆಗೆ ಎಳೆದುಕೊಂಡು ಹೋದರು. ವಿಚಾರಣೆ ಇಲ್ಲ, ಏನು ತಪ್ಪು ಮಾಡಿದ ಅಂತ ಹೇಳಿದ್ದೂ ಇಲ್ಲ. ವಿಷ ಕುಡಿ ಅಂದರು, ಅಷ್ಟೇ. ತಮ್ಮ ಲೀಸಿಯಸ್ ತಪ್ಪಿಸಿಕೊಂಡು ಮೆಗಾರಾ ಎಂಬ ಊರಿಗೆ ಓಡಿದ. ಆಮೇಲೆ ಅವನೇ ವಾಪಸ್ ಬಂದು ಇದನ್ನೆಲ್ಲ ಹೇಳಿದ ಭಾಷಣ ಇವತ್ತಿಗೂ ಉಳಿದಿದೆ.

ಆ ಮೂವತ್ತು ಜನರ ಮುಂದಾಳು ಯಾರು ಗೊತ್ತಾ? ಕ್ರಿಟಿಯಸ್. ಪ್ಲೇಟೋನ ತಾಯಿಯ ದಾಯಾದಿ. ಪ್ಲೇಟೋನ ಸೋದರಮಾವ ಕಾರ್ಮಿಡೀಸ್ ಕೂಡ ಆ ಗುಂಪಿನ ಪರವಾಗಿ ಪಿರೇಯಸ್ಸನ್ನು ನೋಡಿಕೊಳ್ಳುತ್ತಿದ್ದ ಹತ್ತು ಜನರಲ್ಲಿ ಒಬ್ಬ. ಕ್ರಿ.ಪೂ. 403ರಲ್ಲಿ ಇಬ್ಬರೂ ಸತ್ತರು. ಸತ್ತದ್ದು ಎಲ್ಲಿ? ಪಿರೇಯಸ್ಸಿನ ಮುನಿಕಿಯಾ ಗುಡ್ಡದಲ್ಲಿ, ಪ್ರಜಾಪ್ರಭುತ್ವದ ಕಡೆಯವರ ಜೊತೆ ನಡೆದ ಕಾಳಗದಲ್ಲಿ. ಆ ದಿನ ಮೂವತ್ತರ ಸೈನ್ಯ ತುಂಬಿ ನಿಂತದ್ದು ಬೆಂಡಿಸ್ ಗುಡಿಗೆ ಹೋಗುವ ದಾರಿಯಲ್ಲಿ. ಸಾಕ್ರಟೀಸ್ ಜಾತ್ರೆ ನೋಡಲು ಹೋಗಿದ್ದನಲ್ಲ, ಅದೇ ಬೆಂಡಿಸ್.

ಈಗ ಆ ಕೋಣೆಯನ್ನು ಒಮ್ಮೆ ನೋಡಿ. ಮನೆ, ಮುಂದೆ ವಿಚಾರಣೆ ಇಲ್ಲದೆ ಸಾಯುವವನದು. ಅಲ್ಲೇ ಕೂತ ನಿಕೆರಾಟಸ್ ಎಂಬ ಗೆಳೆಯ, ಅವನನ್ನೂ ಅದೇ ಮೂವತ್ತು ಜನ ಕೊಲ್ಲುತ್ತಾರೆ. ಸಾಕ್ರಟೀಸನನ್ನು ಮತ್ತೆ ಬಂದ ಪ್ರಜಾಪ್ರಭುತ್ವ 399ರಲ್ಲಿ ಕೊಲ್ಲುತ್ತದೆ. ಅವನ ಜೊತೆ ವಾದಕ್ಕೆ ಕೂತ ಗ್ಲೌಕಾನ್, ಅಡೈಮಾಂಟಸ್ ಇಬ್ಬರೂ ಪ್ಲೇಟೋನ ಸ್ವಂತ ಅಣ್ಣಂದಿರು. ಅಂದರೆ ಕೊಂದವರ ಕಡೆಯ ನೆಂಟರು, ಸತ್ತವರ ಮನೆಯಲ್ಲಿ ಕೂತು, ನ್ಯಾಯ ಅಂದರೆ ಏನು ಅಂತ ಮಾತಾಡುತ್ತಿದ್ದಾರೆ. ಪ್ಲೇಟೋ ಇದನ್ನು ಬರೆದಾಗ ಇದೆಲ್ಲ ನಡೆದು ಸುಮಾರು ಇಪ್ಪತ್ತೈದು ವರ್ಷ ಆಗಿತ್ತು. ಓದುವ ಅಥೆನ್ಸಿನವರಿಗೆ ಪ್ರತಿಯೊಬ್ಬರೂ ಹೇಗೆ ಸತ್ತರು ಅಂತ ಗೊತ್ತಿತ್ತು. ಪ್ಲೇಟೋ ಆ ಬಗ್ಗೆ ಒಂದು ಸಾಲನ್ನೂ ಬರೆಯುವುದಿಲ್ಲ. ಸುಮ್ನೆ ಆ ಮನೆಗೆ ಕರೆದುಕೊಂಡು ಹೋಗಿ ಕೂರಿಸುತ್ತಾನೆ.

ಇನ್ನು ಮಾತಿಗೆ ಬರೋಣ. ಗ್ರೀಕರ ‘ಡಿಕಯೊಸುನೆ’ ಎಂಬ ಪದಕ್ಕೆ ನಾವು ನ್ಯಾಯ ಅನ್ನುತ್ತೇವೆ. ನ್ಯಾಯ ಅಂದಕೂಡಲೆ ನಮಗೆ ಕೋರ್ಟು, ವಕೀಲರು ಕಣ್ಮುಂದೆ ಬರುತ್ತಾರೆ. ಆ ಪದ ಅದಕ್ಕಿಂತ ಅಗಲ. ‘ಅವರು ನ್ಯಾಯವಾಗಿ ಬದುಕಿದವರು’ ಅಂತ ನಮ್ಮ ಹಿರಿಯರು ಹೇಳುತ್ತಾರಲ್ಲ, ಆ ಅರ್ಥ. ನಿಯತ್ತು ಅಂದರೂ ಹತ್ತಿರ ಬರುತ್ತದೆ.

ಮುದುಕ ಕೆಫಲಸ್ ಹೇಳುವುದು ಸರಳ. ಸುಳ್ಳು ಹೇಳಬಾರದು, ಸಾಲ ಉಳಿಸಿಕೊಳ್ಳಬಾರದು. ಸಾಕ್ರಟೀಸ್ ಕೇಳುತ್ತಾನೆ: ಗೆಳೆಯನೊಬ್ಬ ಆಯುಧ ಕೊಟ್ಟು ಇಟ್ಟುಕೋ ಅಂದಿರುತ್ತಾನೆ, ಆಮೇಲೆ ಅವನಿಗೆ ಬುದ್ಧಿ ಕೆಟ್ಟು ವಾಪಸ್ ಕೊಡು ಅಂತ ಬಂದರೆ ಕೊಡುತ್ತೀರಾ? ಮುದುಕ ನಕ್ಕು, ನಮ್ಮ ಹುಡುಗ ಮುಂದುವರಿಸುತ್ತಾನೆ ಅಂತ ಪೂಜೆಗೆ ಎದ್ದು ಹೋಗುತ್ತಾನೆ. ಆ ಹುಡುಗ ಪೊಲೆಮಾರ್ಕಸ್. ಅವನ ಪ್ರಕಾರ ನ್ಯಾಯ ಅಂದರೆ ನಮ್ಮವರಿಗೆ ಒಳ್ಳೆಯದು ಮಾಡುವುದು, ಹಗೆಗಳಿಗೆ ಕೇಡು ಮಾಡುವುದು. ಇದು ಅವನೊಬ್ಬನ ಮಾತಲ್ಲ, ಊರೆಲ್ಲ ನಂಬಿದ್ದ ಮಾತು. ಸಾಕ್ರಟೀಸ್ ನಿಧಾನಕ್ಕೆ ಒಂದು ಕಡೆ ತಂದು ನಿಲ್ಲಿಸುತ್ತಾನೆ. ಕುದುರೆಗೆ ಕೇಡು ಮಾಡಿದರೆ ಕುದುರೆ ಕುದುರೆಯಾಗಿ ಕೆಡುತ್ತದೆ. ಮನುಷ್ಯನಿಗೆ ಕೇಡು ಮಾಡಿದರೆ ಮನುಷ್ಯ ಮನುಷ್ಯನಾಗಿ ಕೆಡುತ್ತಾನೆ, ಅಂದರೆ ಅವನಲ್ಲಿದ್ದ ನ್ಯಾಯ ಕೆಡುತ್ತದೆ. ನ್ಯಾಯವಂತ ತನ್ನ ನ್ಯಾಯದಿಂದಲೇ ಇನ್ನೊಬ್ಬನನ್ನು ಅನ್ಯಾಯದವನನ್ನಾಗಿ ಮಾಡುವುದು ಹೇಗೆ? ಹಾಗಾಗಿ ಯಾರಿಗೂ ಕೇಡು ಮಾಡುವುದು ನ್ಯಾಯವಲ್ಲ, ಹಗೆಗೂ. ಪೊಲೆಮಾರ್ಕಸ್ ಒಪ್ಪುತ್ತಾನೆ. ಇದಕ್ಕಾಗಿ ನಿಮ್ಮ ಜೊತೆ ನಿಂತು ಹೋರಾಡಲು ನಾನು ತಯಾರು ಅನ್ನುತ್ತಾನೆ. ಅವನ ಕೊನೆ ಗೊತ್ತಿದ್ದು ಈ ಮಾತು ಓದುವಾಗ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ.

ಆಗ ಥ್ರಾಸಿಮಾಕಸ್ ಎದ್ದು ಬೀಳುತ್ತಾನೆ. ಭಾಷಣ ಕಲಿಸುವ ಮೇಷ್ಟ್ರು ಅವನು. ಬಲ ಇರುವವನಿಗೆ ಅನುಕೂಲವಾದದ್ದೇ ನ್ಯಾಯ, ಮತ್ತೇನೂ ಇಲ್ಲ ಅನ್ನುತ್ತಾನೆ. ಆಳುವವರು ತಮಗೆ ಬೇಕಾದ ಕಾನೂನು ಮಾಡುತ್ತಾರೆ, ಅದನ್ನು ಮೀರಿದವನನ್ನು ಅನ್ಯಾಯದವನು ಅಂತ ಕರೆದು ಶಿಕ್ಷೆ ಕೊಡುತ್ತಾರೆ. ಕುರಿ ಕಾಯುವವನು ಕುರಿಯನ್ನು ಕೊಬ್ಬಿಸುವುದು ಕುರಿಯ ಒಳ್ಳೆಯದಕ್ಕಾ? ಇದು ಬರೀ ವಾದಕ್ಕೆ ಹುಟ್ಟಿದ ಮಾತಲ್ಲ. ಕ್ರಿ.ಪೂ. 416ರಲ್ಲಿ ಅಥೆನ್ಸ್ ಮೆಲೋಸ್ ಎಂಬ ಪುಟ್ಟ ದ್ವೀಪವನ್ನು ಮುತ್ತಿ, ಗಂಡಸರನ್ನು ಕೊಂದು, ಹೆಂಗಸರು ಮಕ್ಕಳನ್ನು ಗುಲಾಮರನ್ನಾಗಿ ಮಾರಿತ್ತು. ಅದಕ್ಕೆ ಮುಂಚೆ ನಡೆದ ಮಾತುಕತೆಯನ್ನು ಆ ಕಾಲದ ಇತಿಹಾಸಕಾರ ಥುಸಿಡಿಡಿಸ್ ಬರೆದಿದ್ದಾನೆ. ಬಲ ಇರುವವರು ಮಾಡುವುದನ್ನು ಮಾಡುತ್ತಾರೆ, ಇಲ್ಲದವರು ಅನುಭವಿಸುತ್ತಾರೆ ಅನ್ನುವುದೇ ಅಲ್ಲಿ ಅಥೆನ್ಸಿನವರ ಮಾತು. ಥ್ರಾಸಿಮಾಕಸ್ ಹೇಳುತ್ತಿರುವುದು ಅವನ ಕಾಲದವರು ಕಣ್ಣಾರೆ ಕಂಡದ್ದನ್ನೇ.

ಸಾಕ್ರಟೀಸ್ ಕೊಡುವ ಉತ್ತರಗಳಲ್ಲಿ ಒಂದು ನನಗೆ ತುಂಬ ಇಷ್ಟ. ಕಳ್ಳರ ಗುಂಪು ಕೂಡ ಒಳಗೊಳಗೆ ನ್ಯಾಯವಾಗಿ ಇಲ್ಲದಿದ್ದರೆ ಒಂದು ಕಳ್ಳತನವನ್ನೂ ನೆಟ್ಟಗೆ ಮಾಡಲಾರದು. ಆದರೂ ಗ್ಲೌಕಾನ್‌ಗೆ ಸಮಾಧಾನ ಇಲ್ಲ. ಅವನು ಉಂಗುರದ ಕಥೆ ಹೇಳುತ್ತಾನೆ. ಲಿಡಿಯಾ ದೇಶದ ಕುರುಬನೊಬ್ಬನಿಗೆ, ಭೂಮಿ ಬಿರಿದ ಜಾಗದಲ್ಲಿ, ಕಂಚಿನ ಕುದುರೆಯೊಳಗಿದ್ದ ಹೆಣದ ಕೈಯಲ್ಲಿ ಒಂದು ಉಂಗುರ ಸಿಗುತ್ತದೆ. ಹರಳನ್ನು ಅಂಗೈ ಕಡೆ ತಿರುಗಿಸಿದರೆ ಅವನು ಯಾರಿಗೂ ಕಾಣುವುದಿಲ್ಲ. ಅವನು ಮಾಡಿದ್ದೇನು? ಅರಮನೆಗೆ ಹೋಗಿ, ರಾಣಿಯನ್ನು ಸೇರಿ, ರಾಜನನ್ನು ಕೊಂದು, ಪಟ್ಟ ಏರಿದ. ಆ ಉಂಗುರ ಸಿಕ್ಕಿದರೆ ನಾವೆಲ್ಲ ಹಾಗೇ ಮಾಡುವುದಿಲ್ಲವಾ? ಅಷ್ಟಕ್ಕೇ ನಿಲ್ಲಿಸದೆ ಗ್ಲೌಕಾನ್ ಇನ್ನೂ ಮುಂದೆ ಹೋಗುತ್ತಾನೆ. ಒಬ್ಬ ಇದ್ದಾನೆ, ಪೂರ್ತಿ ನ್ಯಾಯವಂತ, ಆದರೆ ಊರೆಲ್ಲ ಅವನನ್ನು ಕೆಟ್ಟವನು ಅಂತಲೇ ನಂಬಿದೆ. ಚಾಟಿ ಏಟು ಬೀಳುತ್ತದೆ, ಕಣ್ಣು ಸುಡುತ್ತಾರೆ, ಕೊನೆಗೆ ಕಂಬಕ್ಕೆ ಏರಿಸುತ್ತಾರೆ. ಇನ್ನೊಬ್ಬ ಪೂರ್ತಿ ಅನ್ಯಾಯದವನು, ಆದರೆ ಒಳ್ಳೆಯ ಹೆಸರು, ಸುಖದ ಬದುಕು. ಈಗ ಹೇಳಿ ಸಾಕ್ರಟೀಸ್, ಮೊದಲನೆಯವನೇ ಹೆಚ್ಚು ಸುಖಿ ಅಂತ ಹೇಳುವ ಧೈರ್ಯ ಇದೆಯಾ?

ಇಡೀ ಪುಸ್ತಕದಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ಊರು ಕಟ್ಟುವ ಮಾತು ಶುರುವಾಗುವುದೇ ಇದಕ್ಕೆ ಉತ್ತರ ಹುಡುಕಲು. ಸಣ್ಣ ಅಕ್ಷರ ದೂರದಿಂದ ಕಾಣದಿದ್ದರೆ, ಅದನ್ನೇ ದೊಡ್ಡದಾಗಿ ಬರೆದಿರುವ ಕಡೆ ಮೊದಲು ಓದೋಣ ಅನ್ನುತ್ತಾನೆ ಸಾಕ್ರಟೀಸ್. ಮನುಷ್ಯನೊಳಗಿನ ನ್ಯಾಯ ಸಣ್ಣ ಅಕ್ಷರ, ಊರಿನ ನ್ಯಾಯ ದೊಡ್ಡ ಅಕ್ಷರ. ಹಾಗಾಗಿ ಬಾಯಿಮಾತಿನಲ್ಲೇ ಒಂದು ಊರು ಕಟ್ಟೋಣ.

ಮೊದಲು ಕಟ್ಟುವ ಊರು ಪುಟ್ಟದು. ರೈತ, ಮನೆ ಕಟ್ಟುವವನು, ನೇಯುವವನು, ಚಪ್ಪಲಿ ಹೊಲಿಯುವವನು. ಒಬ್ಬೊಬ್ಬರು ಒಂದೊಂದು ಕೆಲಸ ಮಾಡಿ ಹಂಚಿಕೊಳ್ಳುತ್ತಾರೆ. ಗೋಧಿ, ಬಾರ್ಲಿಯ ರೊಟ್ಟಿಯನ್ನು ಎಲೆ ಮೇಲೆ ಹಾಕಿಕೊಂಡು, ಸೊಪ್ಪಿನ ಹಾಸಿನ ಮೇಲೆ ಒರಗಿ, ಮಕ್ಕಳ ಜೊತೆ ಊಟ ಮಾಡಿ, ಸ್ವಲ್ಪ ವೈನ್ ಕುಡಿದು, ದೇವರ ಹಾಡು ಹೇಳಿಕೊಂಡು ಇರುತ್ತಾರೆ. ಗ್ಲೌಕಾನ್ ಬಾಯಿ ಹಾಕುತ್ತಾನೆ: ನಂಚಿಕೊಳ್ಳೋಕೆ ಏನೂ ಇಲ್ಲವಲ್ಲ! ಹೌದು, ಮರೆತಿದ್ದೆ ಅಂತ ಸಾಕ್ರಟೀಸ್ ಉಪ್ಪು, ಆಲಿವ್, ಚೀಸ್, ಬೇಯಿಸಿದ ಈರುಳ್ಳಿ, ಸೊಪ್ಪು, ಆಮೇಲೆ ತಿನ್ನಲು ಅಂಜೂರ, ಕಡಲೆ ಎಲ್ಲ ಸೇರಿಸುತ್ತಾನೆ. ಗ್ಲೌಕಾನ್ ಅನ್ನುತ್ತಾನೆ, ಹಂದಿಗಳಿಗೆ ಊರು ಕಟ್ಟಿದ್ದರೆ ನೀವು ಇದನ್ನೇ ತಾನೇ ಹಾಕುತ್ತಿದ್ದದ್ದು? ಮಂಚ ಬೇಕು, ಮೇಜು ಬೇಕು, ಒಳ್ಳೊಳ್ಳೆ ಪಲ್ಯ ಬೇಕು.

ಸಾಕ್ರಟೀಸ್ ಇಲ್ಲಿ ಹೇಳುವ ಮಾತನ್ನು ತುಂಬ ಜನ ದಾಟಿಕೊಂಡು ಹೋಗುತ್ತಾರೆ. ನನ್ನ ಲೆಕ್ಕದಲ್ಲಿ ನಿಜವಾದ ಊರು, ಆರೋಗ್ಯದ ಊರು ಅದೇ ಅನ್ನುತ್ತಾನೆ. ನಿಮಗೆ ಜ್ವರ ಬಂದ ಊರು ನೋಡಬೇಕಿದ್ದರೆ ನೋಡೋಣ. ಜ್ವರದ ಊರಿಗೆ ಸುಗಂಧ, ಚಿನ್ನ, ಅಡುಗೆಯವರು, ಹೆಚ್ಚು ವೈದ್ಯರು ಬೇಕು. ಇರುವ ನೆಲ ಸಾಲುವುದಿಲ್ಲ. ಪಕ್ಕದವರ ನೆಲ ಬೇಕಾಗುತ್ತದೆ. ಅಲ್ಲಿಗೆ ಯುದ್ಧ ಬಂತು. ಯುದ್ಧ ಬಂದಮೇಲೆ ಕಾವಲಿನವರು ಬೇಕು. ನಾವು ‘ಪ್ಲೇಟೋನ ಆದರ್ಶ ನಗರ’ ಅಂತ ಓದುವುದೆಲ್ಲ ಈ ಜ್ವರ ಬಂದ ಊರಿಗೆ ಮಾಡಿದ ಔಷಧ. ಇದು ತಲೆಯಲ್ಲಿದ್ದರೆ ಮುಂದಿನದು ಬೇರೆಯೇ ಆಗಿ ಕಾಣುತ್ತದೆ.

ಔಷಧ ತುಂಬ ಕಹಿ. ಕಾವಲಿನವರಿಗೆ ಸ್ವಂತ ಮನೆ ಇಲ್ಲ, ಜಮೀನಿಲ್ಲ, ಬೆಳ್ಳಿ ಬಂಗಾರ ಮುಟ್ಟುವಂತಿಲ್ಲ, ಎಲ್ಲರಿಗೂ ಒಂದೇ ಪಂಕ್ತಿಯ ಊಟ. ಆಳುವ ಕೈಯಲ್ಲಿ ದುಡ್ಡು ಇರಬಾರದು ಅನ್ನುವ ಈ ಒಂದು ಮಾತು ಪ್ಲೇಟೋ ನೋಡಿದ್ದರಿಂದಲೇ ಹುಟ್ಟಿದ್ದು ಅಂತ ನನಗೆ ಅನಿಸುತ್ತದೆ. ಗುರಾಣಿ ಕಾರ್ಖಾನೆಗೆ ಕೈ ಹಾಕಿದ ಆ ಮೂವತ್ತು ಜನ ಮರೆಯುವಂಥವರಾ? ಹೆಂಗಸರೂ ಕಾವಲಿಗೆ ಬರಬಹುದು, ಆಳಬಹುದು ಅನ್ನುತ್ತಾನೆ. ಬೇಟೆಗೆ ಗಂಡುನಾಯಿ ಹೆಣ್ಣುನಾಯಿ ಎರಡನ್ನೂ ಕರೆದುಕೊಂಡು ಹೋಗುವುದಿಲ್ಲವಾ ಅಂತ ಕೇಳುತ್ತಾನೆ. ಹೆಂಗಸರಿಗೆ ಸಭೆಗೆ ಕಾಲಿಡಲೂ ಬಿಡದ ಅಥೆನ್ಸಿನಲ್ಲಿ ಆಡಿದ ಮಾತು ಅದು. ಇಲ್ಲಿಯವರೆಗೆ ನಾನು ಅವನ ಜೊತೆಗಿದ್ದೇನೆ. ಆಮೇಲೆ ಬರುತ್ತದೆ ನೋಡಿ, ಯಾರ ಮಗು ಯಾರದು ಅಂತ ತಾಯಿಗೂ ಗೊತ್ತಾಗಬಾರದು, ಮದುವೆಗೆ ಚೀಟಿ ಎತ್ತುವಾಗ ಆಳುವವರು ಗುಟ್ಟಾಗಿ ಮೋಸ ಮಾಡಬೇಕು, ಊನ ಇರುವ ಮಕ್ಕಳನ್ನು ಯಾರಿಗೂ ಕಾಣದ ಕಡೆ ಸೇರಿಸಬೇಕು. ಇಲ್ಲಿ ನನ್ನ ಕೈ ನಡುಗುತ್ತದೆ. ದೊಡ್ಡ ಮನುಷ್ಯ ಬರೆದದ್ದು ಅಂತ ಇದನ್ನು ಸಮರ್ಥಿಸಲು ನನಗೆ ಆಗುವುದಿಲ್ಲ.

ಇಷ್ಟೆಲ್ಲ ಕಟ್ಟಿ ಸಿಕ್ಕ ಉತ್ತರ: ಊರಿನ ನ್ಯಾಯ ಅಂದರೆ ಅವರವರ ಕೆಲಸ ಅವರವರು ಮಾಡುವುದು, ಇನ್ನೊಬ್ಬರದರಲ್ಲಿ ಕೈ ಹಾಕದಿರುವುದು. ಊರಿನಲ್ಲಿ ಆಳುವವರು, ಕಾವಲಿನವರು, ದುಡಿಯುವವರು ಇರುವ ಹಾಗೇ ಮನುಷ್ಯನೊಳಗೂ ಮೂರು ಪಾಲು ಇದೆ. ಯೋಚನೆ ಮಾಡುವ ಪಾಲು, ರೋಷದ ಪಾಲು, ಆಸೆಯ ಪಾಲು. ಒಂದು ಘಟನೆ ಹೇಳುತ್ತಾನೆ. ಲಿಯೊಂಟಿಯಸ್ ಎಂಬವನು ಪಿರೇಯಸ್ಸಿನಿಂದ ಊರಿಗೆ ಬರುವಾಗ, ಗೋಡೆಯ ಹೊರಗೆ, ಮರಣದಂಡನೆಯ ಹೆಣಗಳು ಬಿದ್ದಿರುವುದನ್ನು ಕಾಣುತ್ತಾನೆ. ನೋಡಬೇಕು ಅನ್ನುವ ಆಸೆ, ಥೂ ಅನ್ನುವ ಅಸಹ್ಯ, ಎರಡೂ. ಮುಖ ಮುಚ್ಚಿಕೊಂಡು ಒದ್ದಾಡಿ, ಕೊನೆಗೆ ಓಡಿ ಹೋಗಿ, ಕಣ್ಣು ಅಗಲಿಸಿ, ತನ್ನ ಕಣ್ಣುಗಳನ್ನೇ ಬೈಯುತ್ತಾನೆ: ನೋಡಿ ಪಾಪಿಗಳಾ, ಹೊಟ್ಟೆ ತುಂಬ ನೋಡಿ! ನಮ್ಮೊಳಗೇ ನಾವು ಇಬ್ಬರಾಗುತ್ತೇವೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ಓದಿಲ್ಲ. ರಸ್ತೆಯಲ್ಲಿ ಅಪಘಾತವಾದಾಗ ನಿಂತು ಇಣುಕಿದವರಿಗೆಲ್ಲ ಇದು ಗೊತ್ತು. ಅನ್ಯಾಯದವನ ಒಳಗೆ ಈ ಜಗಳ ನಿಲ್ಲುವುದೇ ಇಲ್ಲ, ಉಂಗುರ ಹಾಕಿಕೊಂಡರೂ ತನ್ನಿಂದ ತಾನು ಮರೆಯಾಗಲಾರ. ಗ್ಲೌಕಾನ್‌ಗೆ ಸಿಗುವ ಉತ್ತರದ ತಿರುಳು ಇದು. ಉತ್ತರದ ಈ ಭಾಗ ಇವತ್ತಿಗೂ ನಿಲ್ಲುತ್ತದೆ ಅಂತ ನಾನು ನಂಬುತ್ತೇನೆ.

ಊರಿನ ಭಾಗ ನಿಲ್ಲುವುದಿಲ್ಲ. ಆ ಊರಿನಲ್ಲಿ ಚಪ್ಪಲಿ ಹೊಲಿಯುವವನು ಬಾಯಿ ತೆರೆಯುವ ಜಾಗವೇ ಇಲ್ಲ. ಆಳುವವರು ಯಾರು ಅನ್ನುವುದನ್ನು ಎಲ್ಲರೂ ಒಪ್ಪಿರುತ್ತಾರೆ ಅನ್ನುತ್ತಾನೆ, ಒಪ್ಪದಿದ್ದರೆ ಏನು ಅನ್ನುವುದಿಲ್ಲ. ಆದರೆ ಐದನೆಯ ಭಾಗದ ಶುರುವನ್ನು ನೋಡಿ. ಸಾಕ್ರಟೀಸ್ ಹೆಂಗಸರು ಮಕ್ಕಳ ವಿಷಯವನ್ನು ಒಂದು ಸಾಲಿನಲ್ಲಿ ಮುಗಿಸಿ ಮುಂದೆ ಹೊರಟಿರುತ್ತಾನೆ. ಆಗ ಪೊಲೆಮಾರ್ಕಸ್ ಕೈ ಚಾಚಿ, ಅಡೈಮಾಂಟಸ್‌ನ ಭುಜದ ಹತ್ತಿರ ಹೊದಿಕೆ ಹಿಡಿದೆಳೆದು, ಕಿವಿಯಲ್ಲಿ ಏನೋ ಹೇಳುತ್ತಾನೆ. ಬಿಟ್ಟುಬಿಡೋಣವಾ, ಏನು ಮಾಡೋಣ? ಬಿಡಬಾರದು ಅಂತ ಎಲ್ಲರೂ ಸೇರಿ ತೀರ್ಮಾನ ಮಾಡುತ್ತಾರೆ. ಹೆಂಗಸರು ಆಳಬಹುದು ಅನ್ನುವುದು, ತತ್ವಜ್ಞಾನಿ ರಾಜನಾಗಬೇಕು ಅನ್ನುವುದು, ಗುಹೆಯ ಕಥೆ, ಎಲ್ಲ ಬರುವುದು ಅದಾದಮೇಲೆ. ಗುರಾಣಿ ವ್ಯಾಪಾರಿಯ ಮಗ, ಮತ ಇಲ್ಲದವನು, ಹೊದಿಕೆ ಹಿಡಿದೆಳೆದು ಕೇಳಿದ್ದಕ್ಕೆ. ಪ್ಲೇಟೋ ಕಟ್ಟಿದ ಊರಿನಲ್ಲಿ ಅವನಂಥವನಿಗೆ ಆ ಹಕ್ಕಿಲ್ಲ, ಪ್ಲೇಟೋ ಬರೆದ ಕೋಣೆಯಲ್ಲಿ ಇದೆ.

ಎಂಟನೆಯ ಭಾಗದಲ್ಲಿ ಪ್ರಜಾಪ್ರಭುತ್ವವನ್ನು ಬಣ್ಣಬಣ್ಣದ ಹೊದಿಕೆಗೆ ಹೋಲಿಸಿ, ಅದರ ದೋಷಗಳನ್ನು ಜಾಸ್ತಿಯೇ ಹೇಳುತ್ತಾನೆ. ಕತ್ತೆ ಕುದುರೆಗಳೂ ದಾರಿ ಬಿಡದೆ ನಡೆಯುತ್ತವಂತೆ. ಆದರೆ ಅಲ್ಲೇ ಒಂದು ಮಾತು ಒಪ್ಪಿಕೊಳ್ಳುತ್ತಾನೆ. ನಾವು ಈಗ ಮಾಡುತ್ತಿರುವ ಹಾಗೆ ಊರು ಕಟ್ಟುವ ಮಾತಾಡಬೇಕಿದ್ದರೆ, ಅಂಥ ಕಡೆಗೇ ಹೋಗಬೇಕು, ಅಲ್ಲಿ ಎಲ್ಲ ಬಗೆಯ ಆಡಳಿತವೂ ಅಂಗಡಿಯಲ್ಲಿಟ್ಟ ಹಾಗೆ ಸಿಗುತ್ತದೆ.

ನಾನು ಮಾತು ಇಲ್ಲಿಗೆ ನಿಲ್ಲಿಸಿದ್ದೆ. ಮೊದಲ ಪ್ರಶ್ನೆ ಒಬ್ಬ ಹಿರಿಯರದು. ‘ಅವರವರ ಕೆಲಸ ಅವರವರು ಮಾಡಬೇಕು ಅನ್ನೋದು ನಮ್ಮ ವರ್ಣದ ಮಾತೇ ಅಲ್ವೇನಮ್ಮಾ?’ ಅಂದರು. ನ್ಯಾಯವಾದ ಪ್ರಶ್ನೆ. ಆಳುವವರಲ್ಲಿ ಚಿನ್ನ, ದುಡಿಯುವವರಲ್ಲಿ ಕಬ್ಬಿಣ ಬೆರೆತಿದೆ ಅಂತ ಆ ಊರಿನವರಿಗೆ ಒಂದು ಕಥೆ ಹೇಳಬೇಕು ಅನ್ನುತ್ತದೆ ಪುಸ್ತಕ. ಆದರೂ ವ್ಯತ್ಯಾಸ ಇದೆ: ಕಬ್ಬಿಣದವರ ಮನೆಯಲ್ಲಿ ಚಿನ್ನದ ಮಗು ಹುಟ್ಟಿದರೆ ಮೇಲಕ್ಕೆ ಕಳಿಸಬೇಕು, ಚಿನ್ನದವರ ಮನೆಯ ಕಬ್ಬಿಣದ ಮಗುವನ್ನು ಕರುಣೆ ತೋರದೆ ಕೆಳಕ್ಕೆ ಕಳಿಸಬೇಕು ಅನ್ನುತ್ತಾನೆ ಪ್ಲೇಟೋ. ಮೇಲಿನವರಿಗೆ ಆಸ್ತಿಯೂ ಇಲ್ಲ. ಆದರೂ ನಿಮ್ಮ ಅನುಮಾನ ಸರಿ ಅಂದೆ. ಅಂಬೇಡ್ಕರ್ 1936ರಲ್ಲಿ, ‘ಜಾತಿ ವಿನಾಶ’ದಲ್ಲಿ, ಪ್ಲೇಟೋನ ಹೆಸರು ಹೇಳಿಯೇ ಇದನ್ನು ಬರೆದಿದ್ದಾರೆ. ಒಬ್ಬೊಬ್ಬ ಮನುಷ್ಯನೂ ಬೇರೆ ಬೇರೆ, ಅವನೊಳಗೆ ಎಷ್ಟೋ ಬಗೆಯ ಶಕ್ತಿ ಇರುತ್ತದೆ, ಎಲ್ಲರನ್ನೂ ಮೂರು ನಾಲ್ಕು ಗುಂಪಿಗೆ ತುಂಬಲು ಆಗುವುದಿಲ್ಲ, ಪ್ಲೇಟೋನ ಮೇಲಿರುವ ಆಕ್ಷೇಪವೇ ಚಾತುರ್ವರ್ಣ್ಯದ ಮೇಲೂ ನಿಲ್ಲುತ್ತದೆ ಅಂತ. ಇದಕ್ಕೆ ನಾನು ಸೇರಿಸುವುದು ಏನೂ ಇಲ್ಲ.

ಇನ್ನೊಬ್ಬರು ಅರಿಸ್ಟಾಟಲ್ ಏನಂದ ಅಂತ ಕೇಳಿದರು. ಪ್ಲೇಟೋನ ಶಾಲೆಯಲ್ಲಿ ಇಪ್ಪತ್ತು ವರ್ಷ ಇದ್ದವನು ಅವನು. ಎಲ್ಲರಿಗೂ ಸೇರಿದ್ದನ್ನು ಯಾರೂ ನೋಡಿಕೊಳ್ಳುವುದಿಲ್ಲ ಅಂದ. ಸಾವಿರ ಜನರಿಗೆ ಹೆಸರಿಗೆ ಮಗನಾಗುವುದಕ್ಕಿಂತ ಒಬ್ಬನಿಗೆ ನಿಜವಾದ ದಾಯಾದಿಯಾಗುವುದು ಮೇಲು ಅಂದ. ಸರಿಯಾದ ಮಾತು. ಆದರೆ ಕೆಲವರು ಹುಟ್ಟಿನಿಂದಲೇ ಗುಲಾಮರು ಅಂತ ವಾದ ಮಾಡಿದವನೂ ಅವನೇ.

ಎಲ್ಲರೂ ಏಳುವ ಹೊತ್ತಿಗೆ, ಹಿಂದಿನ ಸಾಲಿನಲ್ಲಿದ್ದ ಒಬ್ಬಳು ಹುಡುಗಿ ಹತ್ತಿರ ಬಂದಳು. ‘ಮೇಡಂ, ಆ ಮನೆಯವರು ಆಮೇಲೆ ಏನಾದರು?’

ಲೀಸಿಯಸ್ ಹೇಳಿದ್ದನ್ನೇ ಅವಳಿಗೆ ಹೇಳಿದೆ. ಅವರಿಂದ ದೋಚಿದ್ದರಲ್ಲಿ 700 ಗುರಾಣಿ ಇದ್ದವು, 120 ಗುಲಾಮರಿದ್ದರು. ಪೊಲೆಮಾರ್ಕಸ್‌ನ ಹೆಂಡತಿಯ ಕಿವಿಯಲ್ಲಿದ್ದ ಚಿನ್ನದ ಓಲೆಯನ್ನೂ ಕಿತ್ತುಕೊಂಡರು. ಮನೆತನಕ್ಕೆ ಮೂರು ಮನೆ ಇದ್ದವು. ಹೆಣವನ್ನು ಆ ಮೂರರಲ್ಲಿ ಒಂದರಿಂದಲೂ ಎತ್ತಲು ಬಿಡಲಿಲ್ಲ. ಒಂದು ಗುಡಿಸಲನ್ನು ಬಾಡಿಗೆಗೆ ಹಿಡಿದು ಅಲ್ಲಿ ಮಲಗಿಸಿದರು. ಅವನದೇ ಬಟ್ಟೆಬರೆ ಬೇಕಾದಷ್ಟಿತ್ತು, ಕೇಳಿದರೆ ಒಂದೂ ಕೊಡಲಿಲ್ಲ. ಗೆಳೆಯರಲ್ಲಿ ಒಬ್ಬ ದಿಂಬು ತಂದ. ಇನ್ನೊಬ್ಬ ತನ್ನ ಹೊದಿಕೆ ಕೊಟ್ಟ.